ಕತೆ ಯಾರದು?

ಹುಲಕೋಟಿಯ ಚಹದಂಗಡಿಯಲ್ಲಿ ಕುಳಿತರೆ ವಿಷ್ಣುವರ್ಧನರ ‘ಆಪ್ತಮಿತ್ರ’ ಮೇಲೋ, ರಜನಿಯ ‘ಚಂದ್ರಮುಖಿ’ ಮೇಲೋ ಎಂದು ನಾವು ಈಗಲೂ ಕಿತ್ತಾಡುತ್ತೇವೆ. ಎರಡಕ್ಕೂ ಮೂಲ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’. ಬರೆದವರು ಮಧು ಮುಟ್ಟಂ. ಈ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಕತೆ 2004ರಲ್ಲಿ ಕನ್ನಡಕ್ಕೆ, 2005ರಲ್ಲಿ ತಮಿಳಿಗೆ, 2007ರಲ್ಲಿ ಹಿಂದಿಗೆ ಹೋಯಿತು. 2010ರಲ್ಲಿ ‘ಆಪ್ತರಕ್ಷಕ’ವೆಂದು ಮರಿಯನ್ನೂ ಹಾಕಿತು. ಕಟೌಟಿಗೆ ಹಾಲೆರೆದ ನಮಗೆ ನಾಯಕ ಸಾಕು, ಕತೆಗಾರ ಬೇಡ.

ಹತ್ತಿ ಬೆಳೆಯುವ ಸೀಮೆಯವರು ಅಂಗಿಗಾಗಿ ಪರವೂರಿಗೆ ಕೈಚಾಚಿದಂತಾಯಿತು ಇದು. ಅದೇ ವಿಷ್ಣುವರ್ಧನರನ್ನು ನಾಯಕರನ್ನಾಗಿಸಿದ 1972ರ ‘ನಾಗರಹಾವು’ ತರಾಸು ಅವರ ಕಾದಂಬರಿಗಳಿಂದ ಹುಟ್ಟಿತ್ತಲ್ಲವೇ? ಆ ಕತೆಯನ್ನು ಪುಟ್ಟಣ್ಣನವರೇ 1974ರಲ್ಲಿ ಹಿಂದಿಗೆ ಒಯ್ದರು. ಅಂದು ನಾವು ಕೊಡುವವರಾಗಿದ್ದೆವು. ಮುಂದಿನ ರಿಮೇಕ್ ಬಂದಾಗ ಟಿಕೆಟು ಕೊಳ್ಳುವ ಮೊದಲು, ಕನ್ನಡದ ಯಾವ ಕಾದಂಬರಿಯನ್ನು ಓದಿ ಬಿಟ್ಟಿರಿ ಎಂದು ನಿರ್ಮಾಪಕರನ್ನು ಕೇಳೋಣ.