ಕಿವಿ ಮುಚ್ಚಿಕೊಂಡವನೂ ಮಾತಾಡಿದ್ದಾನೆ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಯಾವ ಜಾತ್ರೆಗಾದರೂ ಹೋಗಿ. ಡೊಳ್ಳಿನ ಸದ್ದಿಗೆ ಎರಡೂ ಕಿವಿ ಮುಚ್ಚಿಕೊಂಡು ಕೂತ ಹುಡುಗನೊಬ್ಬ ಸಿಕ್ಕಾನು. ಓಣಿಯವರು ಮೊಂಡ ಅನ್ನುತ್ತಾರೆ, ಬೀಗರು ಹೋದ ಜನ್ಮದ ಪಾಪ ಅನ್ನುತ್ತಾರೆ, ವೈದ್ಯರು ಆಟಿಸಂ ಅನ್ನುತ್ತಾರೆ. ಹುಡುಗ ಹೇಳುತ್ತಿರುವುದು ಇಷ್ಟೇ: ಈ ಸದ್ದು ತಾಳಲಾಗುತ್ತಿಲ್ಲ. ಅದನ್ನು ಕೇಳಿಸಿಕೊಂಡವರು ಯಾರು?

1993ರಲ್ಲಿ ಟೊರಾಂಟೋದ ಸಮ್ಮೇಳನವೊಂದರಲ್ಲಿ, ಸ್ವತಃ ಆಟಿಸಂ ಇರುವ ಜಿಮ್ ಸಿಂಕ್ಲೇರ್ ಹೆತ್ತವರಿಗೆ ನೇರವಾಗಿ ಹೇಳಿದರು: ನಿಮ್ಮ ಕನಸಿನ ಮಗುವಿಗಾಗಿ ಅಳುತ್ತ ಕೂತರೆ ಎದುರಿಗಿರುವ ಮಗು ಕಾಣುವುದಿಲ್ಲ. ನರವೈವಿಧ್ಯದ ಚಳವಳಿ ಬೆಳೆದದ್ದು ಇಂಥ ಮಾತುಗಳಿಂದ.

ನಮ್ಮ ಕಾನೂನು ನೋಡಿ. 1995ರ ಅಂಗವಿಕಲರ ಕಾಯ್ದೆ ಏಳು ನ್ಯೂನತೆಗಳನ್ನು ಎಣಿಸಿತು. ಅದರಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆಟಿಸಂ ಹೆಸರನ್ನು ಎತ್ತಿತು, ಪೋಷಕರನ್ನು ನೇಮಿಸಲು ಮೂವರ ಸ್ಥಳೀಯ ಸಮಿತಿ ಮಾಡಿತು. ಒಬ್ಬ ಅಧಿಕಾರಿ, ಒಂದು ಸಂಸ್ಥೆಯ ಪ್ರತಿನಿಧಿ, ಒಬ್ಬ ಅಂಗವಿಕಲ ವ್ಯಕ್ತಿ. ಆದರೆ ಅಂಗವಿಕಲ ಯಾರು ಎಂಬುದಕ್ಕೆ 1995ರ ವ್ಯಾಖ್ಯೆಯನ್ನೇ ಹಿಡಿಯಿತು! ಯಾರ ಬದುಕಿನ ತೀರ್ಮಾನವೋ ಅವರಿಗೇ ಕುರ್ಚಿ ಇಲ್ಲ. 2016ರ ಕಾಯ್ದೆ 21 ನ್ಯೂನತೆಗಳಲ್ಲಿ ಆಟಿಸಂ ಸೇರಿಸಿತು, ಪೋಷಕರು ಆ ವ್ಯಕ್ತಿಯೊಂದಿಗೆ ಕೂಡಿಯೇ ತೀರ್ಮಾನಿಸಬೇಕು ಎಂದಿತು. ಕಾಗದದ ಮೇಲೆ ಬಾಗಿಲು ತೆರೆಯಿತು.

‘ಮಾತೇ ಬಾರದವರನ್ನು ಏನಂತ ಕೇಳೋದ್ರೀ?’ ಎಂದು ಕೇಳುವವರಿದ್ದಾರೆ. ರಾತ್ರಿಯೆಲ್ಲ ನಿದ್ದೆಗೆಟ್ಟ ತಾಯಿ ಕೇಳಿದರೆ ಆ ದಣಿವು ಸುಳ್ಳಲ್ಲ. ನಾವು ಸತ್ತ ಮೇಲೆ ಇವನಿಗೆ ಯಾರು ಎಂಬ ಅವಳ ಭಯಕ್ಕೆ ಸರ್ಕಾರ ಉತ್ತರ ಕೊಡಲೇಬೇಕು. ಆದರೆ ದಿನವಿಡೀ ಆರೈಕೆ ಬೇಕಾದವನಿಗೂ ಬೇಕು ಬೇಡಗಳಿವೆ. ತಟ್ಟೆ ದೂಡುವುದೂ ಒಂದು ಉತ್ತರವೇ.

ಗೋಕಾಕ ಎಂದರೆ ಕನ್ನಡಿಗರಿಗೆ ಚಳವಳಿ ನೆನಪಾಗುತ್ತದೆ. ಆ ಹೆಸರು ಬಂದದ್ದು ಊರಿನಿಂದಲ್ಲ, ವಿ.ಕೃ. ಗೋಕಾಕರ ವರದಿಯಿಂದ. ಇರಲಿ, ಶಾಲೆಯಲ್ಲಿ ನಮ್ಮ ನುಡಿಗೆ ಮೊದಲ ಸ್ಥಾನ ಕೊಡಿ ಎಂದು ಬೀದಿಗಿಳಿದವರು ನಾವು. ಕೆಲವು ಮಕ್ಕಳ ನುಡಿ ಚಿತ್ರದಲ್ಲಿದೆ, ಬೆರಳಿನಲ್ಲಿದೆ, ತಿರುಗಿಸಿಕೊಂಡ ಮುಖದಲ್ಲಿದೆ. ಅದಕ್ಕೆ ಕೊನೆಯ ಬೆಂಚಾದರೂ ಕೊಟ್ಟಿದ್ದೇವೆಯೇ?

ಏಪ್ರಿಲ್ 2 ವಿಶ್ವ ಆಟಿಸಂ ಜಾಗೃತಿ ದಿನ. ಅಂದು ವೇದಿಕೆ ಹತ್ತುವ ಮುಖಂಡರೇ, ಒಂದು ಕುರ್ಚಿ ಅವರಿಗೆ ಬಿಡಿ. ಗ್ರಾಮಸಭೆಗೆ ಅವರನ್ನೂ ಕರೆಯಿರಿ. ಬರಲಾಗದವರು ಬರೆದು ಕಳಿಸಲಿ, ಬರೆಯಲಾಗದವರು ಚಿತ್ರ ತೋರಿಸಲಿ. ಕಾಯುವ ತಾಳ್ಮೆ ನಮಗಿರಲಿ.

ಅದಕ್ಕೂ ಮೊದಲು, ಆ ಡೊಳ್ಳನ್ನು ಸ್ವಲ್ಪ ದೂರ ನಿಂತು ಬಾರಿಸಿ.