ಮೇಲೆ ಒಂದು, ಪಕ್ಕದಲ್ಲಿ ಇನ್ನೊಂದು

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಈಚೆಗೆ ಒಂದು ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತಿದೆ. ಮಗುವಿಗೆ ಎರಡು, ಎರಡೂವರೆ ವರ್ಷ. ಬ್ಲಾಕ್ಸ್ ಕೊಡಿಸಿದರೆ ಬುದ್ಧಿ ಚುರುಕಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಒಳ್ಳೆಯ ಸೆಟ್ಟಿನ ಬೆಲೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಅಷ್ಟು ದುಡ್ಡು ಹಾಕಿದರೆ ನಿಜವಾಗಿ ಏನಾದರೂ ಬರುತ್ತದೆಯೇ? ವರ್ಷಗಟ್ಟಲೆ ಬಾಲವಾಡಿಯ ನೆಲದ ಮೇಲೆ ಮಕ್ಕಳ ಜೊತೆ ಕೂತವಳಾಗಿ ನನ್ನ ಉತ್ತರ ಇದು: ಬರುತ್ತದೆ. ಆದರೆ ಸೆಟ್ಟಿನ ಬೆಲೆಗೂ ಅದಕ್ಕೂ ಹೆಚ್ಚು ಸಂಬಂಧವಿಲ್ಲ.

ಮಕ್ಕಳ ಡಾಕ್ಟರು ಪುಟ್ಟ ಘನಾಕಾರದ ತುಂಡುಗಳನ್ನು ಮಗುವಿನ ಮುಂದಿಟ್ಟು ಪೇರಿಸಲು ಹೇಳುವುದನ್ನು ನೀವು ನೋಡಿರಬಹುದು. ಒಂದೂಕಾಲು ವರ್ಷದ ಸುಮಾರಿಗೆ ಮಗು ಒಂದರ ಮೇಲೊಂದು ಎರಡು ಇಡುತ್ತದೆ, ಒಂದೂವರೆಗೆ ಮೂರು ನಾಲ್ಕು, ಎರಡಕ್ಕೆ ಆರರವರೆಗೆ. ಮೂರು ತುಂಬುವ ಹೊತ್ತಿಗೆ ಒಂಬತ್ತರ ಗೋಪುರ ಎದ್ದಿರುತ್ತದೆ, ಮೂರು ತುಂಡಿನ ಸೇತುವೆಯೂ ಬಂದಿರುತ್ತದೆ. ಸ್ವಲ್ಪ ಹಿಂದೆ ಮುಂದೆ ಆದರೆ ಗಾಬರಿ ಬೇಡ. ಇಲ್ಲಿ ಗಮನಿಸಬೇಕಾದದ್ದು ಬೆರಳು. ಮಗುವಿಗೆ ತುಂಡನ್ನು ಇಡುವುದಕ್ಕಿಂತ ಬಿಡುವುದು ಕಷ್ಟ. ಕೆಳಗಿನದನ್ನು ಅಲುಗಿಸದೆ ಮೆಲ್ಲಗೆ ಬೆರಳು ಸಡಿಲಿಸಿ ಕೈ ಹಿಂದಕ್ಕೆ ತೆಗೆಯಬೇಕು. ಮುಂದೆ ಅಂಗಿಯ ಗುಂಡಿ ಹಾಕುವುದಕ್ಕೂ, ಪೆನ್ಸಿಲ್ ಹಿಡಿಯುವುದಕ್ಕೂ, ಅನ್ನ ಸಾರು ಚೆಲ್ಲದೆ ಕಲಸಿ ತಿನ್ನುವುದಕ್ಕೂ ಬೇಕಾದ ಹತೋಟಿ ಅದೇ. ಮೂರು ವರ್ಷದ ಮಗುವಿನ ಕೈ ಹಿಡಿದು ಅಕ್ಷರ ತಿದ್ದಿಸುವ ಮನೆಗಳಲ್ಲಿ ಮೊದಲು ಆರು ತಿಂಗಳು ಇದನ್ನು ಮಾಡಿಸಿದರೆ ಅಳು ಅರ್ಧ ಕಡಿಮೆಯಾದೀತು.

ನ್ಯೂಯಾರ್ಕಿನ ಶಿಕ್ಷಕಿ ಹ್ಯಾರಿಯೆಟ್ ಜಾನ್ಸನ್ 1933ರಲ್ಲೇ ಮಕ್ಕಳು ಮರದ ತುಂಡುಗಳನ್ನು ಕಟ್ಟುವ ಹಂತಗಳನ್ನು ಬರೆದಿಟ್ಟರು. ಇಂದಿಗೂ ಬಾಲಶಿಕ್ಷಣದ ಪಾಠಗಳಲ್ಲಿ ಅದೇ ನಡೆಯುತ್ತದೆ. ಮೊದಲ ಹಂತದಲ್ಲಿ ಕಟ್ಟುವುದೇ ಇಲ್ಲ, ಹೊತ್ತುಕೊಂಡು ತಿರುಗುವುದಷ್ಟೇ. ಸಾವಿರಾರು ರೂಪಾಯಿ ಕೊಟ್ಟು ತಂದ ಅಪ್ಪ ಅಮ್ಮಂದಿರಿಗೆ ಇದು ಸಹನೆಯಾಗುವುದಿಲ್ಲ, ಪಾಪ. ಡಬ್ಬಿಯಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ಅಜ್ಜಿಯ ಮಡಿಲಿಗೆ ಸಾಗಿಸುವುದರಲ್ಲೇ ಮಗು ಭಾರ, ಸದ್ದು, ಅಂಚು ಎಲ್ಲವನ್ನೂ ಅರಿಯುತ್ತಿರುತ್ತದೆ. ಆಮೇಲೆ ಸಾಲು, ಗೋಪುರ. ಆಮೇಲೆ ಸೇತುವೆ: ಎರಡು ತುಂಡಿನ ನಡುವೆ ಸಂದು ಬಿಟ್ಟು ಮೇಲೊಂದನ್ನು ಅಡ್ಡ ಇಡುವುದು. ಸಂದು ಹೆಚ್ಚಾದರೆ ಮೇಲಿನದು ಧೊಪ್ಪನೆ ಬೀಳುತ್ತದೆ. ಸ್ಕೇಲಿಲ್ಲದೆ ಕಣ್ಣಲ್ಲೇ ಅಳೆಯುವುದನ್ನು ಮಗು ಕಲಿಯುವುದು ಹಾಗೆ. ಸುತ್ತ ಗೋಡೆ ಕಟ್ಟಿ ನಡುವೆ ಜಾಗ ಬಿಡುವ ಹಂತ ಬಂತೆಂದರೆ ಒಳಗೆ ಹೊರಗೆ ಎಂಬುದು ತಿಳಿಯಿತೆಂದು ಅರ್ಥ. ಕೊನೆಗೆ ಹೆಸರು ಬರುತ್ತದೆ. ಮೊದಮೊದಲು ಕಟ್ಟಿ ಮುಗಿಸಿದ ಮೇಲೆ ಇದು ಸ್ಟೇಷನ್ ಎನ್ನುತ್ತದೆ, ಒಂದು ದಿನ ಕಟ್ಟುವ ಮೊದಲೇ ಸ್ಟೇಷನ್ ಮಾಡುತ್ತೇನೆ ಎಂದು ಕೂರುತ್ತದೆ. ಆ ದಿನ ನನಗೆ ತುಂಬಾ ಇಷ್ಟ. ಯೋಜನೆ ಹಾಕುವ ತಲೆ ಅಲ್ಲಿ ಶುರು.

ಈಗ ನಮ್ಮಂಥ ಮನೆಗಳಿಗೆ ಹೆಚ್ಚು ತಟ್ಟುವ ಮಾತಿಗೆ ಬರುತ್ತೇನೆ.

ಅಮೆರಿಕದ ಸಿಯಾಟಲ್‌ನಲ್ಲಿ ಒಂದೂವರೆಯಿಂದ ಎರಡೂವರೆ ವರ್ಷದ 175 ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಕೆಲವು ಮನೆಗಳಿಗೆ ಬ್ಲಾಕ್ಸ್ ಕೊಟ್ಟರು, ಹೇಗೆ ಆಡಿಸಬಹುದು ಎಂಬ ಸಲಹೆಗಳನ್ನೂ ಕೊಟ್ಟರು. ಉಳಿದವರಿಗೆ ಆಗ ಕೊಡಲಿಲ್ಲ. ಆರು ತಿಂಗಳ ನಂತರ ನೋಡಿದರೆ, ಮಧ್ಯಮ ಮತ್ತು ಕಡಿಮೆ ಆದಾಯದ ಮನೆಗಳಲ್ಲಿ ಬ್ಲಾಕ್ಸ್ ಆಡಿದ ಮಕ್ಕಳ ಭಾಷೆ ಮುಂದಿತ್ತು. ಇದು ಸಣ್ಣ ಅಧ್ಯಯನ, ಇದೊಂದನ್ನೇ ನೆಚ್ಚಿ ಕುಣಿಯಬೇಕಾಗಿಲ್ಲ. ಆದರೆ 2011ರಲ್ಲಿ ಬಂದ ಇನ್ನೊಂದು ಅಧ್ಯಯನ ಕಾರಣದ ಸುಳಿವು ಕೊಡುತ್ತದೆ. ಬ್ಲಾಕ್ಸ್ ಆಡುವಾಗ ತಂದೆತಾಯಿ ಮತ್ತು ಮಕ್ಕಳ ಬಾಯಲ್ಲಿ ಮೇಲೆ, ಕೆಳಗೆ, ನಡುವೆ ಎಂಬಂಥ ಮಾತುಗಳು ಬೇರೆ ಆಟಗಳಿಗಿಂತ ಹೆಚ್ಚು ಬರುತ್ತವೆ. ತುಂಡುಗಳು ಮೂಕ, ಮಾತಾಡುವವರು ಪಕ್ಕದಲ್ಲಿ ಕೂತವರು.

ಮುಂಬಯಿ, ಪುಣೆ, ದೆಹಲಿಯ ನಮ್ಮ ಮಕ್ಕಳ ಕಿವಿಗೆ ಬೀಳುವ ಕನ್ನಡ ಎಂಥದ್ದು ಎಂದು ಒಂದು ದಿನ ಲೆಕ್ಕ ಹಾಕಿ ನೋಡಿ. ಬಾ, ಉಣ್ಣು, ಮಲಗು, ಮುಟ್ಟಬೇಡ, ಚಪ್ಪಲಿ ಹಾಕು. ಬರೀ ಅಪ್ಪಣೆಯ ಕನ್ನಡ. ಕಥೆ ಹಿಂದಿ ಕಾರ್ಟೂನಿನಲ್ಲಿ, ಆಟ ಬಿಲ್ಡಿಂಗಿನ ಮಕ್ಕಳ ಜೊತೆ ಮರಾಠಿಯಲ್ಲೋ ಹಿಂದಿಯಲ್ಲೋ, ಲೆಕ್ಕ ಬಣ್ಣ ಇಂಗ್ಲಿಷಿನಲ್ಲಿ. ಅಪ್ಪಣೆಗಷ್ಟೇ ಉಳಿದ ಭಾಷೆಗೆ ಮಗು ಏಳೆಂಟು ವರ್ಷಕ್ಕೆ ಉತ್ತರ ಕೊಡುವುದನ್ನು ಬಿಡುತ್ತದೆ. ಊರಿನ ಅಜ್ಜಿ ಫೋನಿನಲ್ಲಿ ಕೇಳಿದ್ದೆಲ್ಲ ಅರ್ಥವಾಗುತ್ತದೆ, ಮರುಮಾತು ಮಾತ್ರ ಹಿಂದಿಯಲ್ಲಿ. ಇದನ್ನು ನಾನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ.

ಗೋಪುರ ಕಟ್ಟುತ್ತ ಅಪ್ಪನೋ ಅಜ್ಜಿಯೋ ಪಕ್ಕದಲ್ಲಿ ಕೂತರೆ ಬೇರೆಯೇ ಕನ್ನಡ ಹೊರಡುತ್ತದೆ. ಓರೆ, ನೆಟ್ಟಗೆ, ತುದಿ, ಬುಡ, ಸಂದು, ಮೂಲೆ, ಸಮ. ವಾಲುತ್ತಿದೆ, ಜಾರಿತು, ನಿಂತಿತು. ಅದಕ್ಕಿಂತ ದೊಡ್ಡದು, ದೊಡ್ಡದನ್ನು ಅಡಿಯಲ್ಲಿಟ್ಟರೆ ಏನಾಗುತ್ತದೆ, ಯಾಕೆ ಬಿತ್ತು ಎಂಬ ಮಾತು. ಹೀಗೆ ಮಾಡಿದರೆ ಹಾಗಾಗುತ್ತದೆ ಎಂದು ಕನ್ನಡದಲ್ಲಿ ಯೋಚಿಸುವ ಸಂದರ್ಭ ಬೇರೆಲ್ಲಿ ಸಿಗುತ್ತದೆ ಹೇಳಿ? ಮನೆಯಲ್ಲಿ ಯಾವ ಕನ್ನಡವಿದೆಯೋ ಅದರಲ್ಲೇ ಆಡಿ. ಧಾರವಾಡದ ಅಜ್ಜಿ ಬಾಜೂಕ ಇಡು ಎಂದರೆ ಪುಣೆಯ ಮಗುವಿಗೆ ಮರಾಠಿಯ ಬಾಜೂ ಆಗಲೇ ಗೊತ್ತಿರುತ್ತದೆ, ಒಂದು ಮೆಟ್ಟಿಲು ಸುಲಭ. ಮಂಗಳೂರಿನವರ ಬದಿಯಲ್ಲಿ ಕೂಡ ಅಷ್ಟೇ ಚೆಂದ.

ಮಾತಾಡಿ ಎಂದೆ, ಕಟ್ಟಿಕೊಡಿ ಎನ್ನಲಿಲ್ಲ. ರವಿವಾರ ಮಧ್ಯಾಹ್ನ ಡಬ್ಬಿಯ ಮೇಲಿನ ಚಿತ್ರ ನೋಡಿಕೊಂಡು ಅಪ್ಪ ತಾನೇ ಕೋಟೆ ಕಟ್ಟಿ ಮುಗಿಸಿ, ಮಗು ಮುಟ್ಟಿದರೆ ಗದರಿಸುವುದುಂಟು. ಚಿತ್ರ ನೋಡಿ ಕಟ್ಟುವುದೂ ಒಂದು ವಿದ್ಯೆಯೇ, ಆದರೆ ಅದು ಐದಾರು ವರ್ಷದ ಮೇಲಿನದು. ಚಿಕ್ಕವರಿಗೆ ಬಿಡಿ ತುಂಡುಗಳೇ ಸಾಕು. ಡೆನ್ಮಾರ್ಕಿನ ಲೆಗೋ ಕಂಪನಿ ಇಂದಿನ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಎಂಟು ಗುಬ್ಬಿಯ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು ಜೋಡಿಸಲು 91 ಕೋಟಿಗೂ ಹೆಚ್ಚು ವಿಧಗಳಿವೆ. ಆರೇ ಆರು ಇಟ್ಟಿಗೆ! ಸಾವಿರ ತುಂಡಿನ ಡಬ್ಬಿ ಯಾಕೆ ಬೇಕು?

ಇನ್ನು ದುಡ್ಡಿನ ಮಾತು. ಕಿಂಡರ್‌ಗಾರ್ಟನ್ ಶುರು ಮಾಡಿದ ಜರ್ಮನಿಯ ಫ್ರೋಬೆಲ್ ಮಕ್ಕಳಿಗೆಂದು ರೂಪಿಸಿದ ಸಾಮಗ್ರಿಯಲ್ಲಿ ಒಂದು ಪೆಟ್ಟಿಗೆಯೊಳಗೆ ಇದ್ದದ್ದು ಬರೀ ಎಂಟು ಮರದ ತುಂಡು. ನಮ್ಮ ಚನ್ನಪಟ್ಟಣದ ಅರಗು ಬಣ್ಣದ ಆಟಿಕೆ ಸಿಕ್ಕರೆ ಸರಿ. ಇಲ್ಲವಾದರೆ ಬಿಲ್ಡಿಂಗಿನಲ್ಲಿ ಯಾರ ಮನೆಯಲ್ಲಾದರೂ ಬಡಗಿ ಕೆಲಸ ನಡೆಯುತ್ತಲೇ ಇರುತ್ತದೆ. ಗಟ್ಟಿ ಮರದ ತುಂಡು ಕೇಳಿ ತಂದು, ಅಂಚು ಮೂಲೆಗಳನ್ನೆಲ್ಲ ಸ್ಯಾಂಡ್ ಪೇಪರಿನಿಂದ ಉಜ್ಜಿ ನುಣ್ಣಗೆ ಮಾಡಿ. ಪ್ಲೈವುಡ್ ಬೇಡ, ಸಿಬಿರು ಏಳುತ್ತದೆ.

ಏಳೆಂಟು ವರ್ಷದವರಿಗೆ ಅರವಿಂದ ಗುಪ್ತಾ ಅವರ ಕಡ್ಡಿಪುಡಿ ವಿದ್ಯೆ ಇದೆ. ಕಾನ್ಪುರದ ಐಐಟಿಯಲ್ಲಿ ಓದಿ, ಪುಣೆಯ ಟೆಲ್ಕೋದಲ್ಲಿ ಕೆಲಸ ಮಾಡುತ್ತಿದ್ದವರು ಮಧ್ಯಪ್ರದೇಶದ ಹೋಶಂಗಾಬಾದಿನ ಹಳ್ಳಿಶಾಲೆಗಳ ವಿಜ್ಞಾನ ಕಾರ್ಯಕ್ರಮಕ್ಕೆ ಹೋದರು. ಅಲ್ಲಿ ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬಿನ ಚೂರುಗಳಿಂದ ಮೆಕ್ಯಾನೋ ಮಾಡಿದರು. ನಾಲ್ಕು ಕಡ್ಡಿಯ ಚೌಕ ಒತ್ತಿದರೆ ಸೊಟ್ಟಗಾಗುತ್ತದೆ, ಮೂರು ಕಡ್ಡಿಯ ತ್ರಿಕೋನ ಜಗ್ಗುವುದಿಲ್ಲ. ಮಾಡಿಸಿ ನೋಡಿ, ಮರುದಿನ ಲೋಕಲ್ ಸ್ಟೇಷನ್ನಿನ ಛಾವಣಿಯ ಕಬ್ಬಿಣದಲ್ಲಿ, ಮೊಬೈಲ್ ಟವರಿನಲ್ಲಿ ಮಗುವೇ ತ್ರಿಕೋನ ಹುಡುಕುತ್ತದೆ. ಕಡ್ಡಿಯ ಮದ್ದಿನ ತುದಿಯನ್ನು ಮೊದಲೇ ನೀವು ಕತ್ತರಿಸಿಡಿ.

ಮಹಾರಾಷ್ಟ್ರದಲ್ಲಿರುವವರಿಗೆ ದೀಪಾವಳಿಯ ಕಿಲ್ಲೆ ಪುಕ್ಕಟೆ ಪಾಠಶಾಲೆ. ಕಲ್ಲು, ಇಟ್ಟಿಗೆ ಚೂರು, ಕೆಸರಿನಲ್ಲಿ ಅದ್ದಿದ ಗೋಣಿತಾಟು, ಮೇಲೆ ಸಾಸಿವೆ ಎರಚಿ ಮೊಳಕೆಯ ಕಾಡು, ತುದಿಯಲ್ಲಿ ಶಿವಾಜಿ ಮಹಾರಾಜರು. ಯಾರು ಮಣ್ಣು ತರಬೇಕು, ಮೆಟ್ಟಿಲು ಎಲ್ಲಿಂದ ಏರಬೇಕು ಎಂದು ಆರು ಮಕ್ಕಳು ಜಗಳವಾಡಿ ರಾಜಿಯಾಗುವುದನ್ನು ಯಾವ ಡಬ್ಬಿಯೂ ಕಲಿಸದು. ಬಟ್ಟೆ ಕೊಳೆಯಾಗುತ್ತದೆಂದು ನಮ್ಮ ಮಕ್ಕಳನ್ನು ಕಿಟಕಿಯಲ್ಲಿ ನಿಲ್ಲಿಸಬೇಡಿ.

ಕೊಳ್ಳುವವರು ಐಎಸ್‌ಐ ಗುರುತು ನೋಡಿ, 2021ರ ಜನವರಿಯಿಂದ ಆಟಿಕೆಗೆ ಅದು ಕಡ್ಡಾಯ. ಮೂರು ವರ್ಷದೊಳಗಿನವರಿಗೆ ಬಾಯಲ್ಲಿ ಹಿಡಿಯುವಷ್ಟು ಸಣ್ಣ ತುಂಡು ಬೇಡವೇ ಬೇಡ. ಅಯಸ್ಕಾಂತದ ಸೆಟ್ಟುಗಳಲ್ಲಿ ಒಂದು ಬಿರುಕು ಕಂಡರೂ ಎಸೆಯಿರಿ. ಎರಡು ಅಯಸ್ಕಾಂತ ಹೊಟ್ಟೆ ಸೇರಿದರೆ ಕರುಳಿನ ಎರಡು ಮಡಿಕೆಗಳನ್ನು ಹಿಡಿದು ತೂತು ಮಾಡಬಲ್ಲವು. ನುಂಗಿದ ಅನುಮಾನ ಬಂದರೂ ಸಾಕು, ತಕ್ಷಣ ಆಸ್ಪತ್ರೆಗೆ ಓಡಿ.

ಒಂದೇ ಕೋಣೆಯ ಮನೆಯಲ್ಲಿ ಜಾಗವೆಲ್ಲಿ ಎಂದು ಕೇಳುವವರಿಗೆ: ಹಳೆಯ ಕಪಾಟಿನ ಹಲಗೆಯೊಂದನ್ನು ನೆಲಕ್ಕೆ ಹಾಕಿ ಅದರ ಮೇಲೆ ಕಟ್ಟಲು ಹೇಳಿ. ರಾತ್ರಿ ಹಾಸಿಗೆ ಬಿಡಿಸುವಾಗ ಹಲಗೆಯನ್ನು ಹಾಗೇ ಮಂಚದ ಕೆಳಗೆ ತಳ್ಳಿದರಾಯಿತು. ನಿನ್ನೆ ಅರ್ಧಕ್ಕೆ ನಿಂತ ಸ್ಟೇಷನ್ನಿಗೆ ಬೆಳಿಗ್ಗೆ ಎದ್ದು ಪ್ಲಾಟ್‌ಫಾರ್ಮ್ ಸೇರಿಸುವ ಮಗುವನ್ನು ಹಾಲು ಕುಡಿಸಲು ಎಬ್ಬಿಸುವುದೇ ಕಷ್ಟ, ಅದಕ್ಕೆ ಮಾತ್ರ ನನ್ನ ಬಳಿ ಉಪಾಯವಿಲ್ಲ.