ಲೋಡ್ ಇಲ್ಲದ ಟಾಟಾ ಏಸ್

ಮೊನ್ನೆ ಭಾನುವಾರ ದಾಸರಹಳ್ಳಿಯ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗ ಹಳೇ ಕಂಪ್ಯೂಟರಿನ ಮುಂದೆ ಕೂತು ಜಿಟಿಎ ಸ್ಯಾನ್ ಆಂಡ್ರಿಯಾಸ್ ಆಡ್ತಾ ಇದ್ದ. 2004ರ ಆಟ ಅದು, ಅವನಿಗಿಂತ ವಯಸ್ಸಿನಲ್ಲಿ ದೊಡ್ಡದು :) "ಮಾಮ, ಇಲ್ನೋಡು" ಅಂತ ಕರೆದ. ನೋಡಿದರೆ ಅಮೆರಿಕದ ರಸ್ತೆಯ ಮೇಲೆ ನಮ್ಮ ಟಾಟಾ ಏಸ್! ಬಿಳೀ ಮುಖ, ಚಿಕ್ಕ ಚಕ್ರ, ಹಿಂದೆ ಡಬ್ಬದಂಥ ಬಾಡಿ, ಮೇಲೊಂದು ಕೊರಿಯರ್ ಕಂಪನಿಯ ಹೆಸರು. ಯಾರೋ ಅಭಿಮಾನಿ ತಾನೇ ಮಾಡಿ ಪುಕ್ಕಟೆ ಹಂಚಿದ ಮಾಡ್.

ನಿಜ ಹೇಳಬೇಕೂಂದ್ರೆ ಮೊದಲು ಖುಷಿಯಾಯ್ತು. ಹೆಡ್‌ಲೈಟಿನ ಆಕಾರ, ಬಾಗಿಲಿನ ಹಿಡಿ, ಎಲ್ಲಾ ಕರಾರುವಾಕ್ಕು. ಅಷ್ಟರಲ್ಲಿ ಕೆಳಗಿನ ಮನೆಯವರು ಏನಕ್ಕೋ ಮೇಲೆ ಬಂದರು. ಹನ್ನೆರಡು ವರ್ಷದಿಂದ ಪೀಣ್ಯದಲ್ಲಿ ಇದೇ ಗಾಡಿ ಓಡಿಸ್ತಿರೋರು. ಹುಡುಗ ಉತ್ಸಾಹದಿಂದ ಅವರನ್ನೂ ಕೂರಿಸಿದ. ಎರಡು ರೌಂಡ್ ಓಡಿಸಿದರು. ಗಾಡಿ ರಾಕೆಟ್ಟಿನ ಹಾಗೆ ಹೋಯ್ತು, ತಿರುವಲ್ಲಿ ಸರ್ರನೆ ತಿರುಗ್ತು. ಆಮೇಲೆ ಕೇಳಿದರು, "ಇದರಲ್ಲಿ ಲೋಡ್ ಎಲ್ಲಿ ಹಾಕೋದು?"

"ಲೋಡ್ ಇಲ್ಲ ಅಂಕಲ್, ಸುಮ್ನೆ ಓಡ್ಸೋದು."

"ಖಾಲಿ ಓಡ್ಸಿದ್ರೆ ಡೀಸೆಲ್ಲಿಗೆ ಯಾರಪ್ಪ ಕಾಸು ಕೊಡ್ತಾರೆ?" ಅಂತ ನಕ್ಕು ಎದ್ದು ಹೋದರು.

ಅವರು ನಗೆಮಾತಿಗೆ ಅಂದದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಸರಕು ಗಾಡಿ ಅಂದ್ರೆ ಅದರ ತಗಡಲ್ಲ, ಅದರ ಲೋಡು. ನಮ್ಮ ಮಾಡ್ ಹುಡುಗರು ತಗಡನ್ನು ತಿಂಗಳುಗಟ್ಟಲೆ ತಿದ್ದುತ್ತಾರೆ, ಲೋಡನ್ನು ಮರೆತುಬಿಡುತ್ತಾರೆ. ಇದು ನನ್ನ ತಕರಾರು.

ಏಸ್ 2005ರಲ್ಲಿ ಬಂದಾಗ ಅದರಲ್ಲಿದ್ದದ್ದು 700 ಸಿಸಿ ಆಸುಪಾಸಿನ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್, 16 ಅಶ್ವಶಕ್ತಿ. ಹೊರುವ ಭಾರ 750 ಕೆಜಿ. ಅಂದ್ರೆ ಹೆಚ್ಚುಕಡಿಮೆ ತನ್ನಷ್ಟೇ ತೂಕವನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋಗುವ ಗಾಡಿ. ಪೀಣ್ಯದಲ್ಲಿ ಒಂದು ಕಬ್ಬಿಣದ ಬಿಡಿಭಾಗ ಒಂದೇ ಶೆಡ್ಡಿನಲ್ಲಿ ತಯಾರಾಗೋದು ಕಮ್ಮಿ. ಲೇತ್ ಕೆಲಸ ಒಂದು ಕಡೆ, ಹೀಟ್ ಟ್ರೀಟ್‌ಮೆಂಟ್ ಇನ್ನೊಂದು ಕಡೆ, ಪ್ಲೇಟಿಂಗ್ ಮತ್ತೊಂದು ಕಡೆ. ಈ ಶೆಡ್ಡಿಂದ ಆ ಶೆಡ್ಡಿಗೆ ಡಿಸಿ ಚೀಟಿ ಹಿಡಿದು ಓಡಾಡೋದು ಇವೇ ಗಾಡಿಗಳು. ಗೇಟಲ್ಲಿ ಸೆಕ್ಯೂರಿಟಿ ಪುಸ್ತಕದಲ್ಲಿ ಬರೆದುಕೊಳ್ಳೋವರೆಗೆ ಕಾಯಬೇಕು, ಇಳಿಸೋರು ಊಟಕ್ಕೆ ಹೋಗಿದ್ರೆ ಇನ್ನೂ ಕಾಯಬೇಕು. ವಾಪಸ್ ಬರುವಾಗ ಲೋಡ್ ಸಿಗಲಿಲ್ಲ ಅಂದ್ರೆ ಅವತ್ತಿನ ಲಾಭ ಹೋಯ್ತು. ವೈಟ್‌ಫೀಲ್ಡು, ಎಲೆಕ್ಟ್ರಾನಿಕ್ ಸಿಟಿ ಕಡೆ ಕಬ್ಬಿಣದ ಬದಲು ತರಕಾರಿ, ಫ್ರಿಜ್ಜು, ಆನ್‌ಲೈನ್ ಡಬ್ಬಗಳು. ಕೆಲಸ ಅದೇ.

ಭಾರ ಅನ್ನೋದು ನಮ್ಮ ಕಡೆ ಹುಡುಗಾಟದ ಮಾತಲ್ಲ ನೋಡಿ. ಕೇಬಲ್ ತೊಂದರೆ ಕಾಣಿಸಿಕೊಂಡು ಪೀಣ್ಯ ಮೇಲ್ಸೇತುವೆಯನ್ನೇ 2021ರ ಡಿಸೆಂಬರಿನಲ್ಲಿ ಮುಚ್ಚಿದ್ದರು. 2022ರ ಫೆಬ್ರವರಿಯಲ್ಲಿ ಸಣ್ಣ ಗಾಡಿಗಳನ್ನು ಬಿಟ್ಟರು, ಭಾರಿ ಗಾಡಿಗಳು 2024ರ ಜುಲೈವರೆಗೆ ಕಾಯಬೇಕಾಯ್ತು. ಅಷ್ಟೂ ದಿನ ಕೆಳಗಿನ ರಸ್ತೆಯಲ್ಲಿ ಹೊಗೆ ಕುಡಿದವರಿಗೆ ಗೊತ್ತು ತೂಕದ ಬೆಲೆ.

ಇನ್ನು ಆಟದೊಳಗೆ ಏನಾಗುತ್ತೆ ಅಂದ್ರೆ.... ಸ್ಯಾನ್ ಆಂಡ್ರಿಯಾಸ್‌ನಲ್ಲಿ ಗಾಡಿಯ ಆಕಾರ ಒಂದು ಫೈಲು, ಮೇಲಿನ ಬಣ್ಣ ಇನ್ನೊಂದು ಫೈಲು. ಇವೆರಡನ್ನೂ ಆಟದಲ್ಲಿ ಮೊದಲೇ ಇರುವ ಯಾವುದೋ ಗಾಡಿಯ ಜಾಗದಲ್ಲಿ ಕೂರಿಸುತ್ತಾರೆ. ಆದರೆ ಗಾಡಿ ಹೇಗೆ ಓಡಬೇಕು ಅನ್ನೋದು ಮೂರನೇ ಕಡೆ, ಹ್ಯಾಂಡ್ಲಿಂಗ್ ಅನ್ನೋ ಫೈಲಿನಲ್ಲಿ ಒಂದು ಸಾಲಿನಲ್ಲಿ ಇರುತ್ತೆ. ತೂಕ, ಗುರುತ್ವ ಕೇಂದ್ರ, ವೇಗದ ಮಿತಿ, ಬ್ರೇಕು, ಪೆಟ್ರೋಲೋ ಡೀಸೆಲ್ಲೋ ಎಲ್ಲಾ ಅದರಲ್ಲೇ. ಆ ಸಾಲು ತಿದ್ದದೇ ಬಿಟ್ಟರೆ ಹಳೇ ಗಾಡಿಯ ಗುಣವೇ ಹೊಸದಕ್ಕೂ ಬರುತ್ತೆ. ಅಕ್ಕನ ಮಗನ ಏಸ್ ಕೂತಿದ್ದದ್ದು ಒಂದು ಸ್ಪೋರ್ಟ್ಸ್ ಕಾರಿನ ಜಾಗದಲ್ಲಿ. ಶುದ್ಧ ಪರಕಾಯ ಪ್ರವೇಶ!

ಈಗಿನ ಹುಡುಗರು ಮೊಬೈಲಿನಲ್ಲಿ ಆಡೋದು ಇಂಡೋನೇಷ್ಯಾದ ಮಲಿಯೋ ಕಂಪನಿಯ ಬಸ್ ಸಿಮ್ಯುಲೇಟರ್. 2017ರಲ್ಲಿ ಬಂದದ್ದು. ನಮ್ಮ ಕೆಎಸ್ಸಾರ್ಟಿಸಿ ಬಣ್ಣಗಳು ಅದಕ್ಕೆ ಬೇಕಾದಷ್ಟು ಸಿಗುತ್ತವೆ. ಲಾರಿ ಮಾಡ್‌ಗಳೂ ಇವೆ, ಕೆಲವಕ್ಕೆ ಲೋಡನ್ನೂ ಕಟ್ಟಿರುತ್ತಾರೆ. ಆದರೆ ಆ ಲೋಡು ಬಾಡಿಗೇ ಅಂಟಿಕೊಂಡ ಚಿತ್ರ. ಹತ್ತೋದೂ ಇಲ್ಲ, ಇಳಿಯೋದೂ ಇಲ್ಲ.

"ನಿಧಾನಕ್ಕೆ ಹೋಗೋ ಗಾಡೀನ ಯಾರು ಸ್ವಾಮಿ ಆಡ್ತಾರೆ?" ಅಂತೀರೇನೋ. ಪ್ರಾಗ್ ನಗರದ ಎಸ್‌ಸಿಎಸ್ ಕಂಪನಿ 2012ರಲ್ಲಿ ಯೂರೋ ಟ್ರಕ್ ಸಿಮ್ಯುಲೇಟರ್ 2 ಅಂತ ತಂತು. ಅದರಲ್ಲಿ ಮಾಡೋ ಕೆಲಸವೇ ಲೋಡ್ ಎತ್ತಿಕೊಂಡು ಊರಿಂದೂರಿಗೆ ತಲುಪಿಸೋದು. ಲೋಡು ಭಾರ ಇದ್ರೆ ಉಬ್ಬಿನಲ್ಲಿ ಲಾರಿ ತಿಣುಕುತ್ತೆ, ಗುದ್ದಿ ಸರಕು ಹಾಳು ಮಾಡಿದ್ರೆ ದುಡ್ಡು ಕಟ್ ಆಗುತ್ತೆ. ಹದಿಮೂರು ವರ್ಷ ದಾಟಿದರೂ ಜನ ಇನ್ನೂ ಆಡ್ತಾ ಇದ್ದಾರೆ. ಆ ತಿಣುಕೋದರಲ್ಲೇ ಮಜಾ ಇರೋದು.

ಇನ್ನೊಂದು ಸಣ್ಣ ಹೊಟ್ಟೆಯುರಿ, ಅಕ್ಷರದ್ದು. ಆ ಗಾಡಿಯ ಮುಂದಿನ ಗಾಜಿನ ಮೇಲೆ "ಆಶೀರ್‌ವಾದ" ಅಂತ ಬಿಡಿಬಿಡಿಯಾಗಿ ಬರೆದಿತ್ತು. ಚಿತ್ರದ ಸಾಫ್ಟ್‌ವೇರಿನಲ್ಲಿ ಯೂನಿಕೋಡ್ ಕನ್ನಡ ಅಂಟಿಸಿದಾಗ ಒತ್ತಕ್ಷರ ಒಡೆಯುವ ಈ ರೋಗ ಹಳೇದು. ನುಡಿ, ಬರಹದ ಹಳೇ ಫಾಂಟ್ ಬಳಸಿ ತಪ್ಪಿಸಿಕೊಂಡವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಚಕ್ರದ ನಟ್ಟುಗಳನ್ನು ಎಣಿಸಿ ಕೂರಿಸಿದವನಿಗೆ ಒಂದು ಪದವನ್ನು ಇನ್ನೊಮ್ಮೆ ಓದಿ ನೋಡೋಕೆ ಏನಾಗಿತ್ತು? ನಂಬರ್ ಪ್ಲೇಟೂ ಅಷ್ಟೇ. ಸರಕು ಗಾಡಿಗೆ ಹಳದಿ ಪ್ಲೇಟು, ಕಪ್ಪು ಅಕ್ಷರ ಇರಬೇಕು. ಇದಕ್ಕೆ ಸ್ವಂತ ಕಾರಿನ ಹಾಗೆ ಬಿಳೀ ಪ್ಲೇಟು. ನಮ್ಮ ಆರ್‌ಟಿಓ ಕಣ್ಣಿಗೆ ಬಿದ್ದರೆ ಕಥೆ ಮುಗೀತು.

ಪುಕ್ಕಟೆ ಕೊಟ್ಟದ್ದಕ್ಕೆ ಕೊಂಕು ತೆಗೆಯೋದು ಸುಲಭ, ಒಪ್ಪಿದೆ. ಮಾಡಿದವನು ಪರೀಕ್ಷೆಗೆ ಓದೋದು ಬಿಟ್ಟು ರಾತ್ರಿಯೆಲ್ಲಾ ಕೂತಿರಬಹುದು. ಅದಕ್ಕೇ ಬರೀ ಬೈದು ಸುಮ್ಮನಾಗಬಾರದು ಅಂತ ನಾನೂ ಹುಡುಗನೂ ಸೇರಿ ಆ ಒಂದು ಸಾಲು ತಿದ್ದಿದೆವು. ಲೋಡ್ ಸಮೇತ 1550 ಕೆಜಿ ತೂಕ ಹಾಕಿದೆವು. ವೇಗ ಇಳಿಸಿದೆವು, ಎಂಜಿನ್ ಡೀಸೆಲ್ ಮಾಡಿದೆವು. ಮೊದಲ ಸಲ ಆಟವೇ ನಿಂತುಹೋಯ್ತು, ಎಲ್ಲೋ ಒಂದು ಚುಕ್ಕಿ ಹೆಚ್ಚಾಗಿತ್ತು. ಎರಡನೇ ಸಲ ಸರಿಹೋಯ್ತು. ಸಂಜೆ ಕೆಳಗಿನ ಮನೆಯವರನ್ನು ಮತ್ತೆ ಕರೆದು ಆಟದಲ್ಲಿನ ಸ್ಯಾನ್ ಫಿಯೆರೋ ಊರಿನ ಕಡಿದಾದ ದಿಬ್ಬಕ್ಕೆ ಬಿಟ್ಟೆವು. ಗಾಡಿ ಏದುಸಿರು ಬಿಡುತ್ತಾ ಹತ್ತುತ್ತಿದ್ದರೆ ಇವರು ಕುರ್ಚಿಯಲ್ಲೇ ಮುಂದಕ್ಕೆ ಬಗ್ಗಿದರು, ಕಾಲು ನೆಲದ ಮೇಲೆ ಇಲ್ಲದ ಆಕ್ಸಿಲರೇಟರ್ ಒತ್ತುತ್ತಾ ಇತ್ತು. ಅಕ್ಕ ತಂದಿಟ್ಟ ಕಾಫಿ ಆರಿತು.

"ಮಾಮ, ಸ್ಲೋ ಆಯ್ತು" ಅಂತ ಹುಡುಗನಿಗೆ ಬೇಜಾರು. "ಲೋಡ್ ಐತಲ್ಲೋ" ಅಂದರು ಅವರು, ಪರದೆಯಿಂದ ಕಣ್ಣು ತೆಗೆಯದೆ.

ಪ್ಲೇಟು ಇನ್ನೂ ಬಿಳಿಯಾಗೇ ಇದೆ. ಮುಂದಿನ ಭಾನುವಾರ ಅದಕ್ಕೆ ಹಳದಿ ಬಳಿಯಬೇಕು.